12 ಬಾರ್ ಬ್ಲೂಸ್: ಹಳೇ ರಾಕ್ ಹಾಡುಗಳಿಗೆಲ್ಲ ಒಂದೇ ಎಲುಬಿನ ಗೂಡು ಯಾಕೆ?

ಆರುತಂತಿ
ಎಲ್ಲರಿಗೂ ನಮಸ್ಕಾರ. ಗಿಟಾರ್ ಕಲೀತಿದ್ದೀನಿ, ಓಪನ್ ಕಾರ್ಡುಗಳು (ಕಾರ್ಡ್ ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಕೈಗೆ ಕೂತಿವೆ. ಮೇಷ್ಟ್ರು ಈಗ ಒಂದು ಹಾಳೆ ಮೇಲೆ ಹೀಗೆ ಬರ್ಕೊಟ್ಟು, ಇದು 12 ಬಾರ್ ಬ್ಲೂಸ್, ಇದೊಂದು ಬಂದ್ರೆ ಐವತ್ತರ ದಶಕದ ಅರ್ಧ ರಾಕ್ ಅಂಡ್ ರೋಲ್ ಬಂದ ಹಾಗೆ ಅಂದಿದ್ದಾರೆ:

ಎ | ಎ | ಎ | ಎ
ಡಿ | ಡಿ | ಎ | ಎ
ಇ | ಡಿ | ಎ | ಇ

ಎ, ಡಿ, ಇ ಕಾರ್ಡಿನ ಹೆಸರು. ಒಂದೊಂದು ಮನೆ ಒಂದು ಬಾರ್, ಅಂದ್ರೆ ನಾಲ್ಕು ಎಣಿಕೆ. ಕೈ ಓಡುತ್ತೆ, ಅದೇನೂ ಕಷ್ಟ ಇಲ್ಲ. ಹಾಳೆ ಮುಂದಿಟ್ಕೊಂಡು ಚಕ್ ಬೆರ್ರಿಯ ‘ಜಾನಿ ಬಿ. ಗುಡ್’, ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’, ಆಮೇಲೆ ‘ಹೌಂಡ್ ಡಾಗ್’ ಕೇಳಿದೆ. ಕೊನೇ ಸಾಲಿನ ಸಣ್ಣಪುಟ್ಟ ವ್ಯತ್ಯಾಸ, ಶ್ರುತಿ ವ್ಯತ್ಯಾಸ ಬಿಟ್ರೆ ಮೂರೂ ಇದೇ! ಇದನ್ನ ಯಾರು ಮಾಡಿದ್ದು? 12 ಯಾಕೆ, ಲೆಕ್ಕಕ್ಕೆ ಸರಿಯಾಗಿ 16 ಯಾಕಿಲ್ಲ? ಇನ್ನೊಂದು ತೊಂದರೆ: ಹಾಡಿನ ಜೊತೆ ನುಡಿಸುವಾಗ ಏಳನೇ ಬಾರ್ ಹೊತ್ತಿಗೆ ಎಲ್ಲಿದ್ದೀನಿ ಅನ್ನೋದೇ ತಪ್ಪಿಹೋಗುತ್ತೆ.

ರೆಕಾರ್ಡ್_ಪೆಟ್ಟಿಗೆ
ಒಬ್ಬರು ಕೂತು ಮಾಡಿದ್ದಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಅದರಲ್ಲೂ ಮಿಸಿಸಿಪ್ಪಿಯ ಹತ್ತಿ ಸೀಮೆಯಲ್ಲಿ, ಗುಲಾಮಗಿರಿ ಕಾನೂನಿನಲ್ಲಿ ಮುಗಿದ ಮೇಲೂ ಜೀತದಂಥ ಗೇಣಿಯಲ್ಲಿ ಸಿಕ್ಕಿಕೊಂಡಿದ್ದ ಕಪ್ಪು ಜನರ ನಡುವೆ ಬೆಳೆದದ್ದು. ಹೊಲದ ಕೂಗು, ರೈಲು ಹಳಿ ಹಾಕುವವರ ಹಾಡು, ಚರ್ಚಿನ ಹಾಡು ಮೂರರಲ್ಲೂ ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಉತ್ತರ ಕೊಡುತ್ತಾರೆ. ಬ್ಲೂಸ್‌ನಲ್ಲಿ ಆ ಉತ್ತರ ಕೊಡುವ ಕೆಲಸ ಗಿಟಾರಿಗೆ ಬಂತು.

12ರ ಲೆಕ್ಕ ಸುಲಭ: ಮೂರು ಸಾಲು, ಸಾಲಿಗೆ ನಾಲ್ಕು ಬಾರ್. ಮೊದಲ ಸಾಲು ಹಾಡುತ್ತಾರೆ, ಅದನ್ನೇ ಮತ್ತೆ ಹಾಡುತ್ತಾರೆ, ಮೂರನೇ ಸಾಲು ಮಾತನ್ನು ಮುಗಿಸುತ್ತದೆ. ಪ್ರತಿ ಸಾಲಿನ ನಾಲ್ಕು ಬಾರಿನಲ್ಲಿ ಹಾಡುಗಾರ ಸುಮಾರು ಎರಡರಿಂದ ಎರಡೂವರೆ ಬಾರ್ ತೆಗೆದುಕೊಳ್ಳುತ್ತಾನೆ, ಉಳಿದದ್ದು ವಾದ್ಯಕ್ಕೆ. ‘ಹೌಂಡ್ ಡಾಗ್’ನ ಮೂಲ, ಬಿಗ್ ಮಾಮಾ ಥಾರ್ನ್‌ಟನ್ ಹಾಡಿದ್ದನ್ನು ಕೇಳಿ, ಆಕೆ ಬಿಟ್ಟ ಜಾಗದಲ್ಲೆಲ್ಲ ಗಿಟಾರ್ ಮಾತಾಡುತ್ತದೆ. ಎಲ್ವಿಸ್ ಪ್ರೀಸ್ಲಿ ಹಾಡಿದ್ದು 1956. ಆಕೆಯದು ಧ್ವನಿಮುದ್ರಣ ಆದದ್ದು 1952ರಲ್ಲಿ, ಬರೆದ ಲೀಬರ್ ಮತ್ತು ಸ್ಟೋಲರ್‌ಗೆ ಆಗ 19 ವರ್ಷ.

ಇದನ್ನು ಕಾಗದಕ್ಕೆ ಇಳಿಸಿದವರಲ್ಲಿ ದೊಡ್ಡ ಹೆಸರು ಡಬ್ಲ್ಯು.ಸಿ. ಹ್ಯಾಂಡಿ. ಓದು ಬರಹ ಬಲ್ಲ ಬ್ಯಾಂಡ್ ಮಾಸ್ಟರ್. 1903ರ ಸುಮಾರಿಗೆ ಮಿಸಿಸಿಪ್ಪಿಯ ಟಟ್‌ವೈಲರ್ ರೈಲ್ವೆ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಾ ತೂಕಡಿಸುತ್ತಿದ್ದಾಗ, ಹರಿದ ಬಟ್ಟೆಯ ಒಬ್ಬ ಪಕ್ಕದಲ್ಲಿ ಕೂತು ಗಿಟಾರಿನ ತಂತಿ ಮೇಲೆ ಚಾಕು ಒತ್ತಿ ಜಾರಿಸುತ್ತಾ, ಎರಡು ರೈಲು ಹಳಿ ಸೇರುವ ಊರಿನ ಬಗ್ಗೆ ಒಂದೇ ಸಾಲನ್ನು ಮೂರು ಸಲ ಹಾಡಿದನಂತೆ. ಹ್ಯಾಂಡಿ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದು. ಗಮನಿಸಿ, ಮೂರೂ ಸಾಲು ಒಂದೇ. ಮೂರನೆಯದು ಬೇರೆಯಾಗುವ ಈಗಿನ ಅಚ್ಚು ಅಲ್ಲಿ ಕಾಣುವುದಿಲ್ಲ. ಹ್ಯಾಂಡಿಯ ‘ಮೆಂಫಿಸ್ ಬ್ಲೂಸ್’ 1912ರಲ್ಲಿ, ‘ಸೇಂಟ್ ಲೂಯಿಸ್ ಬ್ಲೂಸ್’ 1914ರಲ್ಲಿ ಅಚ್ಚಾದವು. 16 ಯಾಕಿಲ್ಲ ಅಂದಿರಲ್ಲ, ಎರಡನೆಯದರ ನಡುವೆ ಟ್ಯಾಂಗೋ ತಾಳದ 16 ಬಾರಿನ ಭಾಗವೇ ಇದೆ. 8 ಬಾರಿನ ಬ್ಲೂಸ್ ಕೂಡ ಬೇಕಾದಷ್ಟಿದೆ. 12 ಗೆದ್ದಿತು, ಅಷ್ಟೇ.

ಮಲ್ಲೇಶ್ವರದ_ಮೃದಂಗ
ಏಳನೇ ಬಾರಿನಲ್ಲಿ ಕಳೆದುಹೋಗುವುದಕ್ಕೆ ಮದ್ದು ಇದೆ. ಗಿಟಾರ್ ಪಕ್ಕಕ್ಕಿಟ್ಟು ಆದಿತಾಳ ಹಾಕಿ.

ಒಂದು ಬಾರ್ ಅಂದರೆ ನಾಲ್ಕು ಎಣಿಕೆ. ಎರಡು ಬಾರ್ ಸೇರಿದರೆ ಆದಿತಾಳದ ಒಂದು ಆವರ್ತನ, ಅಂದರೆ ಒಂದು ಪೂರ್ತಿ ಸುತ್ತು: ಮೊದಲ ಬಾರ್ ಲಘು (ನಾಲ್ಕು ಎಣಿಕೆ), ಎರಡನೇ ಬಾರ್ ಎರಡು ದ್ರುತ (ಎರಡೆರಡು ಎಣಿಕೆ). ಹನ್ನೆರಡು ಬಾರ್ ಅಂದರೆ ಸರಿಯಾಗಿ ಆರು ಆವರ್ತನ, 48 ಅಕ್ಷರ (ಎಣಿಕೆ). ಈಗ ನಿಮ್ಮ ಹಾಳೆಯನ್ನು ಹೀಗೆ ಓದಿ: ಮೊದಲ ಎರಡು ಆವರ್ತನ ಎ. ಮೂರನೆಯದು ಡಿ. ನಾಲ್ಕನೆಯದು ಎ. ಐದನೆಯದರ ಲಘು ಇ, ದ್ರುತಗಳು ಡಿ. ಆರನೆಯದರ ಲಘು ಎ, ದ್ರುತಗಳು ಇ. ಅಂದರೆ ಮೊದಲ ನಾಲ್ಕು ಆವರ್ತನದಲ್ಲಿ ಬದಲಾವಣೆ ಬಂದರೆ ಸಮದ (ಆವರ್ತನದ ಮೊದಲ ಎಣಿಕೆಯ) ಮೇಲೇ ಬರುತ್ತದೆ. ಕೊನೇ ಎರಡರಲ್ಲಿ ಮಾತ್ರ ನಡುವೆಯೂ ಬರುತ್ತದೆ. ಕೊನೆಗೆ ಬಂದಾಗ ಬದಲಾವಣೆಯ ವೇಗ ಹೆಚ್ಚುತ್ತದೆ, ಕೇಳುಗನಿಗೆ ಸುತ್ತು ಮುಗಿಯುತ್ತಿದೆ ಎನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ನೀವು ತಪ್ಪುವ ಏಳನೇ ಬಾರ್ ನಾಲ್ಕನೇ ಆವರ್ತನದ ಸಮ. ಅಲ್ಲಿ ಎ ತಿರುಗಿ ಬಂದಿದ್ದಕ್ಕೆ ಕಿವಿ ಹೊಸ ಸುತ್ತು ಶುರುವಾಯಿತು ಅಂದುಕೊಳ್ಳುತ್ತದೆ. ಇನ್ನೂ ಎರಡು ಆವರ್ತನ ಬಾಕಿ ಇದೆ, ಇ ಬರುವ ತನಕ ಸುತ್ತು ಮುಗಿಯುವ ಮಾತೇ ಇಲ್ಲ ಅಂತ ನೆನಪಿಟ್ಟುಕೊಳ್ಳಿ.

ತಾಳ ಹಾಕುತ್ತಾ ಡ್ರಮ್ಸ್ ಕೇಳಿದರೆ ಇನ್ನೊಂದು ಮಜಾ. ರಾಕ್‌ನಲ್ಲಿ ಸ್ನೇರ್ ಡ್ರಮ್ ಬೀಳುವುದು 2 ಮತ್ತು 4ರ ಮೇಲೆ. ನಮ್ಮ ಲಘುವಿನಲ್ಲಿ 1 ಪೆಟ್ಟು, 2 ಕಿರುಬೆರಳು, 4 ನಡುಬೆರಳು. ದ್ರುತದಲ್ಲಿ ಪೆಟ್ಟು, ಹುಸಿ (ಸದ್ದಿಲ್ಲದೆ ಕೈ ತಿರುಗಿಸುವುದು), ಪೆಟ್ಟು, ಹುಸಿ. ಅಂದರೆ ನಮ್ಮ ಕೈ ಸದ್ದು ಮಾಡದ ಜಾಗದಲ್ಲೇ ಅವರ ಸ್ನೇರ್ ಹೊಡೆಯುತ್ತದೆ. ಪೆಟ್ಟಿಗೆ ಒಗ್ಗಿದ ಕೈಗೆ ಮೊದಮೊದಲು ತಾಳ ತಲೆಕೆಳಗಾದಂತೆ ಅನ್ನಿಸುತ್ತದೆ.

ಆರುತಂತಿ
ಸರ್, ಇದು ಸೂಪರ್. ಬಸ್ಸಲ್ಲಿ ಕೂತು ತೊಡೆ ಮೇಲೆ ಹಾಕ್ತಾ ಬಂದೆ. ಪಕ್ಕದವರು ಸಂಗೀತದ ಪಾಠಕ್ಕೆ ಹೋಗ್ತಿದ್ದೀರಾ ಅಂತ ಕೇಳಿದ್ರು.

ಒಂದು ಅನುಮಾನ. ಬಿಲ್ ಹೇಲಿ, ಚಕ್ ಬೆರ್ರಿ ಇಬ್ಬರೂ 1, 2, 3, 4 ಅಂತ್ಲೇ ಹೋದ್ರೂ ಒಳಗಿನ ಓಟ ಒಂದೇ ಥರ ಇಲ್ಲ. ಒಂದು ತೂಗಾಡಿಕೊಂಡು ಹೋಗುತ್ತೆ, ಇನ್ನೊಂದು ನೇರ ಓಡುತ್ತೆ. ಅದೇನು?

ಮಲ್ಲೇಶ್ವರದ_ಮೃದಂಗ
ನಡೆ, ಅಂದರೆ ಪ್ರತಿ ಎಣಿಕೆಯನ್ನು ಒಳಗೆ ಎಷ್ಟು ಭಾಗ ಮಾಡುತ್ತೀರಿ ಅನ್ನುವುದು. ಬ್ಲೂಸ್, ಬೂಗಿವೂಗಿ, ಸ್ವಿಂಗ್ ಎಲ್ಲ ತಿಶ್ರ ನಡೆ, ಎಣಿಕೆಗೆ ಮೂರು ಭಾಗ. ಪ್ರತಿ ಎಣಿಕೆಗೆ ‘ತಕಿಟ’ ಹೇಳಿ, ನಡುವಿನ ‘ಕಿ’ಯನ್ನು ನುಂಗಿ. ‘ತ–ಟ, ತ–ಟ’. ಅವರು ಇದಕ್ಕೆ ಶಫಲ್ ಅನ್ನುತ್ತಾರೆ. ರಾಕ್‌ನ ನೇರ ಓಟ ಚತುರಶ್ರ: ಎಣಿಕೆಗೆ ಎರಡು ಸಮ ಪೆಟ್ಟು. ‘ಜಾನಿ ಬಿ. ಗುಡ್’ನಲ್ಲಿ ಗಿಟಾರ್ ನೇರ ಓಡುತ್ತದೆ, ಹಿಂದಿನ ವಾದ್ಯಗಳಲ್ಲಿ ಇನ್ನೂ ತೂಗು ಉಳಿದಿದೆ. ಆ ತಿಕ್ಕಾಟವೇ ಅದರ ರುಚಿ.

ರೆಕಾರ್ಡ್_ಪೆಟ್ಟಿಗೆ
ಇದಕ್ಕೆ ಒಂದು ಸೇರಿಸುತ್ತೇನೆ. ನ್ಯೂ ಆರ್ಲಿಯನ್ಸ್‌ನ ಡ್ರಮ್ಮರ್ ಅರ್ಲ್ ಪಾಮರ್ ಜಾಜ್ ಹಿನ್ನೆಲೆಯವನು, ತೂಗು ತಾಳ ಕೈಯಲ್ಲೇ ಇದ್ದವನು. ಲಿಟಲ್ ರಿಚರ್ಡ್ ಪಿಯಾನೋದಲ್ಲಿ ಬಲಗೈಯಿಂದ ಸಮ ಸಮ ಕುಟ್ಟುತ್ತಿದ್ದುದರಿಂದ ಅದಕ್ಕೆ ಹೊಂದಿಸಲು ತಾನೂ ನೇರ ನಡೆಗೆ ಬಂದೆ ಅಂತ ಅವನೇ ಹೇಳಿಕೊಂಡಿದ್ದಾನೆ. ಲಿಟಲ್ ರಿಚರ್ಡ್ 1955ರ ಸೆಪ್ಟೆಂಬರಿನಲ್ಲಿ ‘ಟುಟ್ಟಿ ಫ್ರುಟ್ಟಿ’ ಮುದ್ರಿಸಿದಾಗ ಡ್ರಮ್ಸ್‌ನಲ್ಲಿ ಇದ್ದವನು ಇವನೇ. ರಾಕ್ ಅಂಡ್ ರೋಲ್ ಅನ್ನು ಬ್ಲೂಸ್‌ನಿಂದ ಬೇರೆ ಮಾಡಿದ ಒಂದೇ ಒಂದು ತಾಂತ್ರಿಕ ಸಂಗತಿ ಹೇಳು ಅಂದರೆ ನಾನು ಇದನ್ನೇ ಹೇಳುತ್ತೇನೆ. ಕಾರ್ಡುಗಳು ಹಳೆಯವೇ.

ಶುದ್ಧಧನ್ಯಾಸಿ
ಎಲ್ಲರೂ ತಾಳ ಹಿಡಿದು ಕೂತಿದ್ದೀರಿ, ಸ್ವರದ ಕಡೆ ಸ್ವಲ್ಪ ಬನ್ನಿ.

ಎ ಅನ್ನು ಷಡ್ಜ (ಸ) ಅಂದುಕೊಳ್ಳಿ. ಬ್ಲೂಸ್ ಕಲಿಸುವಾಗ ಮೊದಲು ಕೊಡುವ ಐದು ಸ್ವರದ ಸ್ಕೇಲ್ ಎ, ಸಿ, ಡಿ, ಇ, ಜಿ. ನಮ್ಮ ಲೆಕ್ಕದಲ್ಲಿ ಸ, ಸಾಧಾರಣ ಗಾಂಧಾರ (ತಗ್ಗಿನ ಗ), ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ನನ್ನ ಹೆಸರು ನೋಡಿದರೆ ಗೊತ್ತಾಗಬೇಕು! ‘ನಾರಾಯಣ ನಿನ್ನ ನಾಮದ ಸ್ಮರಣೆಯ’ ಶುದ್ಧ ಧನ್ಯಾಸಿ ರಾಗದಲ್ಲಿ ಕೇಳಿ ಬೆಳೆದವರಿಗೆ ಈ ಐದು ಸ್ವರ ಮನೆಯವೇ. ಹಿಂದೂಸ್ತಾನಿಯವರಿಗೆ ಧಾನಿ. ಹಾಗಂತ ಬ್ಲೂಸ್ ಶುದ್ಧ ಧನ್ಯಾಸಿ ಅಂತ ಎಲ್ಲೂ ಹೇಳಿಬಿಡಬೇಡಿ, ಇಂಟರ್ನೆಟ್ಟಿನಲ್ಲಿ ಅಂಥ ಮಾತು ಈಗಾಗಲೇ ಸಾಕಷ್ಟು ಓಡಾಡುತ್ತಿದೆ. ಸ್ವರ ಒಂದೇ ಇದ್ದ ಮಾತ್ರಕ್ಕೆ ಸಂಚಾರ ಒಂದೇ ಆಗುವುದಿಲ್ಲ, ಯಾವುದರ ಮೇಲೆ ನಿಲ್ಲಬೇಕು, ಯಾವುದನ್ನು ಅಲುಗಿಸಬೇಕು ಎಲ್ಲ ಬೇರೆ.

ಬ್ಲೂಸ್‌ನ ಗುಟ್ಟು ಸ್ವರ ಮತ್ತು ಕಾರ್ಡಿನ ಜಗಳದಲ್ಲಿದೆ. ಬ್ಲೂಸ್ ನುಡಿಸುವವರು ಬರೀ ಎ ಹಾಕುವುದು ಕಡಿಮೆ, ಎ ಸೆವೆನ್ ಹಾಕುತ್ತಾರೆ. ಅದರೊಳಗೆ ಸ, ಅಂತರ ಗಾಂಧಾರ (ಎತ್ತರದ ಗ), ಪ, ಕೈಶಿಕಿ ನಿ ಇವೆ. ಮೇಲೆ ಹಾಡುವವನು ಸಾಧಾರಣ ಗಾಂಧಾರ ಹಿಡಿಯುತ್ತಾನೆ. ಕೆಳಗೆ ಒಂದು ಗಾಂಧಾರ, ಮೇಲೆ ಇನ್ನೊಂದು! ನಮ್ಮಲ್ಲಿ ಹೀಗೆ ಮಾಡಿದರೆ ಗುರುಗಳು ಎದ್ದು ಹೋಗುತ್ತಾರೆ. ಅಲ್ಲಿ ಅದೇ ಬ್ಲೂಸ್. ಹಾಡುಗಾರ ಎರಡರ ನಡುವಿನ ಯಾವುದೋ ಜಾಗದಲ್ಲಿ ಸ್ವರವನ್ನು ಹಿಗ್ಗಿಸುತ್ತಾನೆ, ಗಿಟಾರಿನವನು ತಂತಿ ಎಳೆದು ಅಥವಾ ಬಾಟಲಿ ಕುತ್ತಿಗೆ ಜಾರಿಸಿ ಅಲ್ಲಿಗೇ ಹೋಗುತ್ತಾನೆ. ಪಿಯಾನೋದವನಿಗೆ ಆ ಜಾಗ ಇಲ್ಲವಲ್ಲ, ಅದಕ್ಕೆ ಎರಡು ಪಟ್ಟಿಯನ್ನೂ ಒಟ್ಟಿಗೆ ಒತ್ತಿ ಕೈತೊಳೆದುಕೊಳ್ಳುತ್ತಾನೆ.

ಈಗ ಐದನೇ ಬಾರಿಗೆ ಬನ್ನಿ. ಡಿ ಸೆವೆನ್‌ನಲ್ಲಿ ಮ, ಚತುಶ್ರುತಿ ಧ, ಸ, ಸಾಧಾರಣ ಗ ಇವೆ. ಮೊದಲ ಸಾಲಿನಲ್ಲಿ ಜಗಳವಾಡುತ್ತಿದ್ದ ಸಾಧಾರಣ ಗಾಂಧಾರ ಈಗ ಕಾರ್ಡಿನೊಳಗೇ ಇದೆ! ಹಾಡುಗಾರ ಅದೇ ಸಾಲನ್ನು ಅದೇ ಧಾಟಿಯಲ್ಲಿ ಎರಡನೇ ಸಲ ಹಾಡುತ್ತಾನೆ, ಕೆಳಗಿನ ನೆಲ ಸರಿದದ್ದರಿಂದ ಅದೇ ಮಾತಿನ ಅರ್ಥ ಬೇರೆಯಾಗಿ ಕೇಳುತ್ತದೆ. ಒಂದೇ ಸಾಲನ್ನು ಎರಡು ಸಲ ಹಾಡಿದರೂ ಯಾಕೆ ಬೇಸರ ಬರುವುದಿಲ್ಲ ಅನ್ನುವುದಕ್ಕೆ ನನಗೆ ಸಿಕ್ಕಿದ ಉತ್ತರ ಇದು. ಆರುತಂತಿಯವರೇ, ಎ ಸೆವೆನ್ ಹಿಡಿದು ಮೊದಲ ತಂತಿಯ ಎಂಟನೇ ಫ್ರೆಟ್‌ನ ಸಿ ಹಿಡಿದು ನೋಡಿ. ಆಮೇಲೆ ಡಿ ಸೆವೆನ್ ಮೇಲೆ ಅದೇ ಸಿ. ಇಬ್ಬರು ಬೇಕಾಗುತ್ತಾರೆ, ಅಥವಾ ಕಾರ್ಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಕೊಯರ್_ಬೆಂಚು
ಮಂಗಳೂರಿಂದ ನಮಸ್ಕಾರ. ಐದರಿಂದ ಏಳನೇ ಬಾರಿಗೆ, ಅಂದ್ರೆ ಡಿಯಿಂದ ಎಗೆ ವಾಪಸ್ ಬರುದು ಉಂಟಲ್ಲ, ಅದು ನಮಗೆ ಇಗರ್ಜಿಯಲ್ಲಿ ದಿನಾ ಕೇಳುವಂಥದ್ದು. ಹಾಡಿನ ಕಡೇಗೆ ‘ಆ…ಮೆನ್’ ಅಂತ ಎಳೀತೇವಲ್ಲ, ನಾಲ್ಕನೇ ಕಾರ್ಡಿಂದ ಒಂದನೇ ಕಾರ್ಡಿಗೆ (ಎ ಒಂದು ಅಂದ್ರೆ ಡಿ ನಾಲ್ಕು) ಇಳಿಯುದು, ಅದೇ ಇದು. ಬ್ಲೂಸ್ ಹಾಡುವವರನ್ನು ಚರ್ಚಿನ ಹಿರಿಯರು ಸೈತಾನನ ಸಂಗೀತ ಅಂತ ಬೈತಿದ್ದದ್ದು, ಅದರ ಒಳಗೆ ಇರುದು ಆಮೆನ್. ಎಂತ ಹೇಳುದು!

ಆದ್ರೆ ಮಾರಾಯ್ರೇ, ಬರೇ 12 ಬಾರ್ ಹೇಳಿ ನಿಲ್ಲಿಸಬೇಡಿ. ರಾಕ್‌ಗೆ ಇನ್ನೊಂದು ಕಡೆಯಿಂದ್ಲೂ ರಕ್ತ ಬಂದಿದೆ. ನ್ಯೂಯಾರ್ಕಿನ ಟಿನ್ ಪ್ಯಾನ್ ಆ್ಯಲಿಯಲ್ಲಿ ಹಾಡು ಅಚ್ಚು ಹಾಕಿ ಮಾರುವ ಕಂಪೆನಿಗಳ 32 ಬಾರಿನ ಅಚ್ಚು. ಎಂಟು ಬಾರಿನ ಒಂದು ಭಾಗ, ಅದೇ ಇನ್ನೊಮ್ಮೆ, ಆಮೇಲೆ ಬೇರೆ ಎಂಟು ಬಾರ್, ಕಡೇಗೆ ಮೊದಲಿನದ್ದೇ. ಎಎಬಿಎ ಹೇಳ್ತಾರೆ, ಇಲ್ಲಿ ಎ, ಬಿ ಅಂದ್ರೆ ಕಾರ್ಡಲ್ಲ, ಭಾಗದ ಹೆಸರು. 1939ರ ‘ಓವರ್ ದ ರೇನ್‌ಬೋ’ ಕೇಳಿದ್ರೆ ಬೆರಳು ಮಡಚಿ ಎಣಿಸ್ಬಹುದು. ನಡುವಿನ ಬಿ ಭಾಗಕ್ಕೆ ಬ್ರಿಟಿಷರು ಮಿಡ್ಲ್ ಎಯ್ಟ್ ಹೇಳುದು. ಬೀಟಲ್ಸ್ ಎರಡೂ ಕಡೆಯಿಂದ ತಿಂದವರು. ‘ಕಾಂಟ್ ಬೈ ಮಿ ಲವ್’ನ ವರ್ಸ್ ಪಕ್ಕಾ 12 ಬಾರ್ ಬ್ಲೂಸ್, ಹಾಡಿನ ಹೆಸರು ಬರುವ ಭಾಗ ಬೇರೆ ಕಾರ್ಡಲ್ಲಿ ಹೋಗ್ತದೆ. ‘ಯೆಸ್ಟರ್‌ಡೇ’ಯ ಎ ಭಾಗ ಎಣಿಸಿ ನೋಡಿ, ಎಂಟಲ್ಲ, ಏಳೇ ಬಾರ್! ಕೊಯರ್‌ನ ಮಕ್ಕಳಿಗೆ ಎಣಿಸ್ಲಿಕ್ಕೆ ಕೊಟ್ರೆ ಎಲ್ಲರೂ ಎಂಟು ಹೇಳ್ತಾರೆ, ಒಂದು ಬಾರ್ ಕಮ್ಮಿ ಆದದ್ದು ಯಾರಿಗೂ ತಿಳಿಯುದೇ ಇಲ್ಲ, ಅಷ್ಟು ಸಲೀಸು.

ವರ್ಸ್ ಮತ್ತೆ ಕೋರಸ್ ನಮ್ಮವರಿಗೆ ವಿವರಿಸುದೇ ಬೇಡ. ವರ್ಸ್ ಅಂದ್ರೆ ಚರಣ, ಕೋರಸ್ ಅಂದ್ರೆ ಪಲ್ಲವಿ. ಒಂದೇ ವ್ಯತ್ಯಾಸ, ನಮ್ಮ ಸಿನಿಮಾ ಹಾಡು ಪಲ್ಲವಿಯಿಂದ ಶುರುವಾಗ್ತದೆ, ಅವರದ್ದು ಸಾಧಾರಣಕ್ಕೆ ಚರಣದಿಂದ.

ಶಾಸ್ತ್ರೀಯ_ಶ್ರೋತೃ
ಕ್ಷಮಿಸಿ, ಮೂರು ಕಾರ್ಡು, ಐದು ಸ್ವರ, ನಾಲ್ಕೆಣಿಕೆ. ಇದರ ಮೇಲೆ ಇಷ್ಟು ಚರ್ಚೆ ಬೇಕೆ? ಒಂದು ತೋಡಿ ರಾಗಕ್ಕೆ ಒಂದು ಜನ್ಮ ಸಾಲದು.

ಮಲ್ಲೇಶ್ವರದ_ಮೃದಂಗ
ಶ್ರೋತೃಗಳೇ, ತೋಡಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ನೀವು ಕಛೇರಿಗೆ ಹೋದಾಗ ಗಾಯಕರೂ ಪಿಟೀಲಿನವರೂ ನಾನೂ ಮೂರು ಊರಿಂದ ಬಂದು ವೇದಿಕೆ ಮೇಲೇ ಮೊದಲ ಸಲ ಮುಖ ನೋಡಿರುತ್ತೇವೆ. ರಿಹರ್ಸಲ್ ಇಲ್ಲ. ಎರಡೂವರೆ ಗಂಟೆ ಹೊಂದಿಕೊಂಡು ನುಡಿಸುತ್ತೇವೆ ಅಂದರೆ ತಾಳ ಅನ್ನುವ ಒಪ್ಪಂದ ಇರುವುದರಿಂದ. 12 ಬಾರ್ ಕೂಡ ಅಂಥ ಒಪ್ಪಂದವೇ. ‘ಎಯಲ್ಲಿ ಬ್ಲೂಸ್, ಶಫಲ್’ ಅಂತ ಮೂರು ಪದ ಹೇಳಿದರೆ ಗುರುತಿಲ್ಲದ ಐದು ಜನ ಒಟ್ಟಿಗೆ ಶುರು ಮಾಡಬಹುದು. ಒಪ್ಪಂದ ಸರಳವಾಗಿದ್ದಷ್ಟೂ ಅದರ ಮೇಲೆ ಕಟ್ಟುವುದಕ್ಕೆ ಜಾಗ ಹೆಚ್ಚು.

ರೆಕಾರ್ಡ್_ಪೆಟ್ಟಿಗೆ
ಮೃದಂಗದವರು ಹೇಳಿದ್ದಕ್ಕೆ ಚರಿತ್ರೆಯಲ್ಲೇ ಪುರಾವೆ ಇದೆ. ಒಬ್ಬನೇ ಕೂತು ಹಾಡುವವನಿಗೆ ಬಾರ್ ಎಣಿಸುವ ದರ್ದು ಇಲ್ಲ. ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ 1936ರಲ್ಲಿ ಸ್ಯಾನ್ ಆಂಟೋನಿಯೋದಲ್ಲೂ 1937ರಲ್ಲಿ ಡಲ್ಲಾಸ್‌ನಲ್ಲೂ ಒಟ್ಟು 29 ಹಾಡು ಮುದ್ರಿಸಿದ, 1938ರಲ್ಲಿ ತೀರಿಕೊಂಡ. ಆ ಹಾಡುಗಳನ್ನು ಎಣಿಸುತ್ತಾ ಕೇಳಿ. ಮಾತು ಉದ್ದವಾದರೆ ಅರ್ಧ ಬಾರ್ ಸೇರುತ್ತದೆ, ಮನಸ್ಸು ಬಂದರೆ ಕಳಚುತ್ತದೆ. ಜಾನ್ ಲೀ ಹೂಕರ್ ಇನ್ನೂ ಮುಂದೆ ಹೋದ, 1948ರ ‘ಬೂಗಿ ಚಿಲೆನ್’ನಲ್ಲಿ ಕಾರ್ಡ್ ಬದಲಿಸುವ ಗೋಜಿಗೇ ಹೋಗಲಿಲ್ಲ. ಕಾಲು ನೆಲಕ್ಕೆ ಬಡಿಯುವ ಸದ್ದು, ಒಂದು ಗಿಟಾರ್, ಒಂದೇ ಕಾರ್ಡ್.

(ಜಾನ್ಸನ್ ನಾಲ್ಕು ದಾರಿ ಸೇರುವಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲಿತ ಅನ್ನುವ ಕಥೆಯನ್ನು ಯಾರೋ ಈಗ ಹಾಕುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಅದೇ ಕಥೆಯನ್ನು ಟಾಮಿ ಜಾನ್ಸನ್ ಅನ್ನುವ ಇನ್ನೊಬ್ಬ ಗಾಯಕನ ಬಗ್ಗೆ ಅವನ ಅಣ್ಣತಮ್ಮಂದಿರಲ್ಲೊಬ್ಬ ಹೇಳಿದ್ದ. ಅಭ್ಯಾಸ ಮಾಡಿ ಕಲಿತ ಅಂದರೆ ಕಥೆ ಮಾರಾಟ ಆಗುವುದಿಲ್ಲ.)

ಬಾರುಗಳು ಬಿಗಿಯಾದದ್ದು ಒಂದು ಕಡೆ ಅಚ್ಚಿನ ಹಾಳೆಯಿಂದ, ಇನ್ನೊಂದು ಕಡೆ ಬ್ಯಾಂಡಿನಿಂದ. ಮಡಿ ವಾಟರ್ಸ್ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಹತ್ತಿರದ ಸ್ಟೋವಲ್ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾ ಹಾಡುತ್ತಿದ್ದವನು. 1941ರಲ್ಲಿ ಜನಪದ ಹಾಡು ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್ ಅಲ್ಲಿಗೇ ಹೋಗಿ ಅವನನ್ನು ರೆಕಾರ್ಡ್ ಮಾಡಿದ. 1943ರಲ್ಲಿ ಮಡಿ ಷಿಕಾಗೋಗೆ ಹೋದ. ಆಗ ದಕ್ಷಿಣದಿಂದ ಉತ್ತರದ ಕಾರ್ಖಾನೆ ಊರುಗಳಿಗೆ ಲಕ್ಷಾಂತರ ಕಪ್ಪು ಜನ ಗುಳೆ ಹೋಗುತ್ತಿದ್ದರು. ಗದ್ದಲದ ಹೆಂಡದಂಗಡಿಗಳಲ್ಲಿ ಮರದ ಗಿಟಾರ್ ಯಾರಿಗೆ ಕೇಳಿಸಬೇಕು? ಎಲೆಕ್ಟ್ರಿಕ್ ಗಿಟಾರ್ ಬಂತು, ಹಾರ್ಮೋನಿಕಾ, ಪಿಯಾನೋ, ಬೇಸ್, ಡ್ರಮ್ಸ್ ಸೇರಿದವು. ಐದು ಜನ ಒಟ್ಟಿಗೆ ತಿರುಗಬೇಕಾದರೆ ಮನಸ್ಸು ಬಂದಾಗ ಅರ್ಧ ಬಾರ್ ಸೇರಿಸಿದರೆ ನಡೆಯುತ್ತದೆಯೇ?

ಮಡಿಯ 1950ರ ‘ರೋಲಿನ್ ಸ್ಟೋನ್’ ಹಾಡಿನಿಂದಲೇ ಬ್ರಿಟಿಷ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ನವರು ಹೆಸರು ಇಟ್ಟುಕೊಂಡರು. 1964ರಲ್ಲಿ ಮಡಿಯ ತಟ್ಟೆಗಳನ್ನು ತಂದ ಷಿಕಾಗೋದ ಚೆಸ್ ಕಂಪೆನಿಯ ಸ್ಟುಡಿಯೋಗೆ ಹೋಗಿ ಮುದ್ರಣವನ್ನೂ ಮಾಡಿದರು, ಗುರುಗಳ ಊರಿಗೆ ಹೋದ ಹಾಗೆ. 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರನ್ನು ನೋಡಿದವರು ಇಲ್ಲಿ ಯಾರಾದರೂ ಇರಬೇಕು.

ಹುಬ್ಬಳ್ಳಿ_ಬೇಸ್
ಎಲ್ಲಾ ಹೇಳಿದ್ರಿ, ಮೊದಲನೇ ರಾಕ್ ಹಾಡು ಯಾವ್ದು ಅಂತ ಯಾರೂ ಹೇಳವಲ್ರಿ. ‘ರಾಕೆಟ್ 88’ ಅಲ್ಲೇನ್ರೀ? 1951, ಮೆಂಫಿಸ್, ಸ್ಯಾಮ್ ಫಿಲಿಪ್ಸ್‌ನ ಸ್ಟುಡಿಯೋ. ಹೆಸರು ಜ್ಯಾಕಿ ಬ್ರೆನ್‌ಸ್ಟನ್‌ದು, ಬ್ಯಾಂಡ್ ಐಕ್ ಟರ್ನರ್‌ದು. ದಾರ್ಯಾಗ ಆ್ಯಂಪ್ಲಿಫೈಯರ್ ಕೆಟ್ಟು, ಸ್ಪೀಕರ್ ಕೋನ್ ಹರಿದಿತ್ತಂತ. ಅದರಾಗ ಕಾಗದ ತುರುಕಿ ನುಡಿಸ್ಯಾರ, ಗಿಟಾರ್ ‘ಗರ್ರ್’ ಅಂತ ಬಂದೈತಿ. ಇವತ್ತ ಸಾವಿರಾರು ರೂಪಾಯಿ ಕೊಟ್ಟು ಡಿಸ್ಟಾರ್ಷನ್ ಪೆಡಲ್ ತಗೊಂತೀವಲ್ರಿ, ಅವರು ರದ್ದಿ ಪೇಪರ್‌ನ್ಯಾಗ ಕೆಲಸ ಮುಗಿಸಿದ್ರು.

ರೆಕಾರ್ಡ್_ಪೆಟ್ಟಿಗೆ
‘ರಾಕೆಟ್ 88’ ಜಿಮ್ಮಿ ಲಿಗಿನ್ಸ್‌ನ 1947ರ ‘ಕ್ಯಾಡಿಲಾಕ್ ಬೂಗಿ’ಯ ಮೇಲೆ ನಿಂತದ್ದು. ಚಕ್ ಬೆರ್ರಿಯ ಆ ಪ್ರಸಿದ್ಧ ಗಿಟಾರ್ ಆರಂಭವೂ ಹಾಗೇ, ಲೂಯಿಸ್ ಜೋರ್ಡನ್ ಬ್ಯಾಂಡಿನಲ್ಲಿ ಕಾರ್ಲ್ ಹೋಗನ್ 1946ರಲ್ಲೇ ಅದನ್ನು ಹೆಚ್ಚೂಕಮ್ಮಿ ನುಡಿಸಿಬಿಟ್ಟಿದ್ದ. ಎಲ್ವಿಸ್ 1954ರ ಜುಲೈನಲ್ಲಿ ಮುದ್ರಿಸಿದ ‘ದಟ್ಸ್ ಆಲ್ ರೈಟ್’ ಆರ್ಥರ್ ಕ್ರುಡಪ್‌ನದು. ಅದೇ ತಟ್ಟೆಯ ಹಿಂಬದಿಗೆ ಬಿಲ್ ಮನ್ರೋನ ‘ಬ್ಲೂ ಮೂನ್ ಆಫ್ ಕೆಂಟಕಿ’, ಮೂರೆಣಿಕೆಯ ವಾಲ್ಟ್ಸ್ ಆಗಿದ್ದದ್ದನ್ನು ನಾಲ್ಕೆಣಿಕೆಗೆ ತಿರುಗಿಸಿ ಹಾಡಿದ್ದು. ಒಂದು ಬದಿ ಕಪ್ಪು ಜನರ ಬ್ಲೂಸ್, ಇನ್ನೊಂದು ಬದಿ ಬಿಳಿಯರ ಬ್ಲೂಗ್ರಾಸ್ (ತಂತಿವಾದ್ಯಗಳ ಹಳ್ಳಿ ಸಂಗೀತ). ಮೊದಲನೆಯದು ಅಂತ ಹುಡುಕುತ್ತಾ ಹೋದರೆ ಪ್ರತಿಯೊಂದರ ಹಿಂದೆಯೂ ಇನ್ನೊಂದು ಸಿಗುತ್ತದೆ.

ಬಲವಂತ ಮಾಡಿದರೆ ನನ್ನ ಮತ ಸಿಸ್ಟರ್ ರೊಸೆಟ್ಟಾ ಥಾರ್ಪ್‌ಗೆ. ಅರ್ಕನ್ಸಾಸ್‌ನ ಕಾಟನ್ ಪ್ಲಾಂಟ್ ಊರಿನವಳು, ಚರ್ಚಿನಲ್ಲಿ ಹಾಡುತ್ತಾ ಬೆಳೆದವಳು. 1944ರಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡಿದ ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ’ ಕೇಳಿ, ಹತ್ತು ವರ್ಷದ ನಂತರದ್ದು ಅನ್ನಿಸುತ್ತದೆ. 1964ರಲ್ಲಿ ಮ್ಯಾಂಚೆಸ್ಟರ್‌ನ ಮುಚ್ಚಿದ ರೈಲ್ವೆ ಸ್ಟೇಷನ್ನಿನಲ್ಲಿ ಟಿವಿಗಾಗಿ ಮಾಡಿದ ಕಾರ್ಯಕ್ರಮದ ದೃಶ್ಯ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಕೋಟು ಹಾಕಿಕೊಂಡು, ಒದ್ದೆ ಪ್ಲಾಟ್‌ಫಾರಂ ಮೇಲೆ ನಡೆದು ಬಂದು ಗಿಟಾರ್ ಎತ್ತಿಕೊಳ್ಳುತ್ತಾಳೆ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನವರಿಗೆ ಆಕೆಯ ನೆನಪಾದದ್ದು 2018ರಲ್ಲಿ. ಸತ್ತು 45 ವರ್ಷ ಆದ ಮೇಲೆ!

ಕೊಯರ್_ಬೆಂಚು
ಹಣದ ವಿಷಯವೂ ಬರೆಯಿರಿ ಮಾರಾಯ್ರೇ. ಅಲ್ಲಿ ಕಪ್ಪು ಗಾಯಕರ ತಟ್ಟೆಗಳನ್ನು ‘ರೇಸ್ ರೆಕಾರ್ಡ್ಸ್’ (ಜನಾಂಗದ ತಟ್ಟೆಗಳು) ಅಂತಲೇ ಬೇರೆ ಪಟ್ಟಿ ಮಾಡಿ ಮಾರುತ್ತಿದ್ದದ್ದು. 1920ರಲ್ಲಿ ಮಾಮಿ ಸ್ಮಿತ್‌ಳ ‘ಕ್ರೇಜಿ ಬ್ಲೂಸ್’ ಭರ್ಜರಿ ಮಾರಾಟ ಆದ ಮೇಲೆ ಕಂಪೆನಿಗಳಿಗೆ ಆ ಮಾರುಕಟ್ಟೆ ಕಂಡದ್ದು. ಬಿಲ್‌ಬೋರ್ಡ್ ಪತ್ರಿಕೆ ಆ ಪಟ್ಟಿಯ ಹೆಸರನ್ನು ‘ರಿದಮ್ ಅಂಡ್ ಬ್ಲೂಸ್’ ಅಂತ ಬದಲಿಸಿದ್ದು 1949ರಲ್ಲಿ. ಹೆಸರು ಬದಲಾಯ್ತು, ರಾಯಲ್ಟಿ ಲೆಕ್ಕ ಬದಲಾಗ್ಲಿಲ್ಲ.

ರೆಕಾರ್ಡ್_ಪೆಟ್ಟಿಗೆ
ನಿಜ. ಬ್ರಿಟಿಷ್ ಬ್ಯಾಂಡ್ ಲೆಡ್ ಜೆಪ್ಪೆಲಿನ್‌ನ 1969ರ ‘ಹೋಲ್ ಲಾಟ ಲವ್’ ಮೇಲೆ ಬ್ಲೂಸ್ ಹಾಡು ಬರೆಯುತ್ತಿದ್ದ ವಿಲ್ಲಿ ಡಿಕ್ಸನ್ 1985ರಲ್ಲಿ ದಾವೆ ಹಾಕಬೇಕಾಯಿತು. ಅವನು ಬರೆದು ಮಡಿ ವಾಟರ್ಸ್ 1962ರಲ್ಲಿ ಹಾಡಿದ್ದ ಹಾಡಿನ ಮಾತುಗಳು ಅದರಲ್ಲಿದ್ದವು. ಕೋರ್ಟಿನ ಹೊರಗೆ ರಾಜಿಯಾಗಿ ಡಿಕ್ಸನ್ ಹೆಸರು ಸೇರಿತು. 12 ಬಾರಿನ ಚೌಕಟ್ಟು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬಳಸಲಿ. ಅದರ ಮೇಲೆ ಒಬ್ಬ ಬರೆದ ಸಾಲು ಅವನದು. ಈ ಗೆರೆಯನ್ನು ಅರವತ್ತರ ದಶಕದ ಬ್ರಿಟಿಷ್ ಹುಡುಗರು ಬೇಕೆಂದಾಗ ಕಂಡರು, ಬೇಡವೆಂದಾಗ ಮರೆತರು.

ಹುಬ್ಬಳ್ಳಿ_ಬೇಸ್
ಶ್ರೋತೃ ಸಾಹೇಬ್ರಿಗೆ ಒಂದು ಮಾತು. 1977ರಾಗ ಅಮೆರಿಕಾದವರು ವಾಯೇಜರ್ ಬಾಹ್ಯಾಕಾಶ ನೌಕೆ ಬಿಟ್ಟಾಗ ಅದರಾಗ ಒಂದು ಬಂಗಾರದ ಲೇಪದ ತಟ್ಟಿ ಕಳಿಸ್ಯಾರ. ಅದರಾಗ ‘ಜಾನಿ ಬಿ. ಗುಡ್’ ಐತಿ, ಬ್ಲೈಂಡ್ ವಿಲ್ಲಿ ಜಾನ್ಸನ್‌ನ 1927ರ ಸ್ಲೈಡ್ ಗಿಟಾರ್ ಐತಿ, ಕೇಸರಬಾಯಿ ಕೇರ್ಕರ್ ಅವರ ‘ಜಾತ ಕಹಾಂ ಹೋ’ ಭೈರವಿನೂ ಐತಿ. ಕೇಸರಬಾಯಿ ಅಂದ್ರ ಜೈಪುರ ಅತ್ರೌಲಿ ಘರಾಣೆ, ಅಲ್ಲಾದಿಯಾ ಖಾನ್ ಸಾಹೇಬ್ರ ಶಿಷ್ಯೆ. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರ ಅಣ್ಣಾವರು ಕಲಿತದ್ದೂ ಆ ಖಾನ್ ಸಾಹೇಬ್ರ ಮಕ್ಕಳ ಹತ್ರನ. ಮೂರು ಕಾರ್ಡಿನವರೂ ಭೈರವಿಯವರೂ ಒಂದ ತಟ್ಟಿಯೊಳಗ ಸೌರಮಂಡಲದ ಆಚೆ ಹೊಂಟಾರ. ನಾವ್ಯಾಕ ಇಲ್ಲಿ ಗುದ್ದಾಡೂದು?

ಶಾಸ್ತ್ರೀಯ_ಶ್ರೋತೃ
ಕೇಸರಬಾಯಿ ಹೆಸರು ತಂದಿರಿ, ಇನ್ನು ನಾನೇನು ಹೇಳಲಿ. ಆ ಬ್ಲೈಂಡ್ ವಿಲ್ಲಿ ಜಾನ್ಸನ್ ಈಗ ತಾನೇ ಕೇಳಿದೆ. ಮಾತೇ ಇಲ್ಲ, ಬರೀ ಗುನುಗು ಮತ್ತು ತಂತಿ. ಇದಕ್ಕೆ 12 ಬಾರ್ ಲೆಕ್ಕ ಹೊಂದುವುದಿಲ್ಲವಲ್ಲ?

ಶುದ್ಧಧನ್ಯಾಸಿ
ಹೊಂದುವುದಿಲ್ಲ. ತಾಳವಿಲ್ಲದ ಆಲಾಪನೆ ಕೇಳುವ ಕಿವಿಯಿಂದಲೇ ಅದನ್ನು ಕೇಳಿ, ನಿಮಗೆ ನಮಗಿಂತ ಬೇಗ ಹತ್ತುತ್ತದೆ.

ನಿರ್ವಾಹಕ
ಬೀಟಲ್ಸ್ ದೊಡ್ಡವರೋ ಸ್ಟೋನ್ಸ್ ದೊಡ್ಡವರೋ ಎಂಬ ಹನ್ನೊಂದು ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸಾಗಿಸಲಾಗಿದೆ. ದಯವಿಟ್ಟು ಅಲ್ಲೇ ಹೊಡೆದಾಡಿ.

ಆರುತಂತಿ
ಆದಿತಾಳದ ಉಪಾಯದಿಂದ ಈಗ ಸುತ್ತು ತಪ್ಪುತ್ತಿಲ್ಲ. ಸಿ ಪ್ರಯೋಗವನ್ನೂ ಮಾಡಿದೆ. ಎ ಸೆವೆನ್ ಮೇಲೆ ಹುಳಿ, ಡಿ ಸೆವೆನ್ ಮೇಲೆ ಬಂದ ತಕ್ಷಣ ಕೂತುಬಿಡುತ್ತೆ. ತಂಗಿ ಪಕ್ಕದ ರೂಮಿಂದ ‘ಈಗ ಸರಿಯಾಯ್ತು’ ಅಂದ್ಲು, ಅವಳಿಗೆ ಕಾರ್ಡ್ ಬದಲಾದದ್ದು ಗೊತ್ತೇ ಇಲ್ಲ.

ಮುಂದಿನ ಪ್ರಶ್ನೆ. ಭಾನುವಾರ ಗೆಳೆಯರ ಜೊತೆ ಜ್ಯಾಮ್ (ಸುಮ್ನೆ ಒಟ್ಟಿಗೆ ಕೂತು ನುಡಿಸೋದು) ಇದೆ. ಬೇಸ್ ನುಡಿಸೋನು ಹೊಸಬ, ಬರೀ ರೂಟ್ ಸ್ವರ (ಕಾರ್ಡಿನ ಹೆಸರಿನ ಸ್ವರ) ಕುಟ್ಟುತ್ತಾನೆ. ಅವನಿಗೆ ಸುಲಭವಾಗಿ ಏನು ಹೇಳಿಕೊಡಲಿ?

ಹುಬ್ಬಳ್ಳಿ_ಬೇಸ್
ನನ್ನ ಪ್ರಶ್ನಿ ಬಂತು! ಅವಗ ಬೂಗಿ ಸಾಲು ಕೊಡ್ರಿ. ಎ ಮ್ಯಾಲ ಎಣಿಕೆಗೊಂದು ಸ್ವರ: ಎ, ಸಿ ಶಾರ್ಪ್, ಇ, ಎಫ್ ಶಾರ್ಪ್. ಇದು ಒಂದು ಬಾರ್. ಎರಡನೇ ಬಾರ್‌ನ್ಯಾಗ ಜಿ ಮುಟ್ಟಿ ವಾಪಸ್: ಜಿ, ಎಫ್ ಶಾರ್ಪ್, ಇ, ಸಿ ಶಾರ್ಪ್. ಎರಡು ಬಾರಿಗೆ ಹತ್ತಿ ಇಳದಂಗಾತು, ಮೃದಂಗದವರ ಲೆಕ್ಕದಾಗ ಒಂದು ಆವರ್ತನ. ಡಿ ಬಂದಾಗ ಅದ ಬೆರಳಿನ ಆಕಾರ ಒಂದು ತಂತಿ ಮ್ಯಾಲ ಸರಿಸಿದ್ರ ಆತು, ಹೊಸದೇನೂ ಕಲಿಯೂದಿಲ್ಲ. ಒಂಬತ್ತು, ಹತ್ತನೇ ಬಾರ್‌ನ್ಯಾಗ ಮಾತ್ರ ಇ ಒಂದು ಬಾರ್, ಡಿ ಒಂದು ಬಾರ್, ಅಲ್ಲಿ ಬರೀ ಹತ್ತೂದು ನುಡಿಸ್ಲಿ, ಇಳಿಯಾಕ ಟೈಮ್ ಇರೂದಿಲ್ಲ. ಹನ್ನೊಂದರಾಗೂ ಎ ಮ್ಯಾಲ ಹಂಗ ಹತ್ಲಿ. ಹನ್ನೆರಡನೇ ಬಾರ್‌ನ್ಯಾಗ ಇ ಒಂದನ್ನ ಹಿಡದು ನಿಂತ್ರ ಸಾಕು, ಎಲ್ಲಾರಿಗೂ ಸುತ್ತು ತಿರುಗ್ತೈತಿ ಅಂತ ತಿಳೀತೈತಿ.

ವೇಗ ಕಮ್ಮಿ ಇಟ್ಕೋರಿ. ಡ್ರಮ್ಮರ್ ಸಿಕ್ಕಿಲ್ಲಂದ್ರ ಫೋನಿನ ಮೆಟ್ರೊನೋಮ್ ಅರ್ಧ ವೇಗಕ್ಕ ಇಟ್ಟು, ಆ ‘ಟಕ್’ ಅನ್ನೂದನ್ನ 2 ಮತ್ತ 4 ಅಂತ ತಿಳ್ಕೊಂಡು ನುಡಿಸ್ರಿ. ಮೊದಲ ಹತ್ತು ನಿಮಿಷ ಎಲ್ಲಾರೂ ಒಬ್ಬರಿಗೊಬ್ಬರು ಬೈಕೊಂತೀರಿ, ಆಮ್ಯಾಲ ಹತ್ತತೈತಿ. ಹಾಡು ನಿಲ್ಲಿಸೂ ಸುತ್ತಿನ್ಯಾಗ ಹನ್ನೆರಡನೇ ಬಾರಿನ ಇ ಬಿಟ್ಟು ಎ ಮ್ಯಾಲ ನಿಲ್ರಿ. ಅದನ್ನ ಮೊದಲ ಮಾತಾಡ್ಕೋರಿ, ಇಲ್ಲಂದ್ರ ಒಬ್ಬವ ನಿಂತಿರ್ತಾನ, ಇನ್ನೊಬ್ಬವ ಮುಂದಿನ ಸುತ್ತಿಗೆ ಹೊಂಟಿರ್ತಾನ.